ದೇವದಾರಿಗೆ ಹುಳ ಹತ್ತುವುದಿಲ್ಲ ಎಂಬ ಮಾತು ಎಷ್ಟು ನಿಜ?

ಹಳೆಪೆಟ್ಟಿಗೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಸೇನೆಯಲ್ಲಿದ್ದಾಗ ಶ್ರೀನಗರದಿಂದ ತಂದ ಮರದ ಪೆಟ್ಟಿಗೆಯೊಂದು ನಮ್ಮ ಮನೆಯಲ್ಲಿದೆ. ಅದು ದೇವದಾರಿನದು, ಅದಕ್ಕೆ ಎಂದೂ ಹುಳ ಹತ್ತುವುದಿಲ್ಲ ಎಂದು ಅವರು ಹೇಳುತ್ತಿದ್ದುದನ್ನು ಕೇಳುತ್ತಲೇ ನಾವು ಬೆಳೆದೆವು. ಮುಚ್ಚಳ ತೆರೆದರೆ ಈಗಲೂ ಗಾಢವಾದ ಪರಿಮಳ ಬರುತ್ತದೆ. ಆದರೆ ಕಳೆದ ತಿಂಗಳು ಅದನ್ನು ಗೋಡೆಯ ಬದಿಯಿಂದ ಈಚೆಗೆ ಸರಿಸಿದಾಗ ಅಡಿಹಲಗೆಯ ಒಂದು ಅಂಚು ಹುಡಿಹುಡಿಯಾಗಿ ನೆಲಕ್ಕೆ ಉದುರಿತು. ಬೆರಳಿನಿಂದ ಒತ್ತಿದರೆ ಒಳಗೆಲ್ಲ ಟೊಳ್ಳು.

ತಾತನ ಮಾತು ತಪ್ಪೇ, ಅಥವಾ ಪೆಟ್ಟಿಗೆಯೇ ದೇವದಾರಿನದಲ್ಲವೇ ಎಂಬುದು ನನ್ನ ಮೊದಲ ಪ್ರಶ್ನೆ. ಈ ಮರದ ಬಗ್ಗೆ ಬಲ್ಲವರು ಅದರ ಗುಣ, ಬಳಕೆ, ಬೆಳೆಯುವ ರೀತಿ ಎಲ್ಲವನ್ನೂ ತುಸು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ. ಪೆಟ್ಟಿಗೆಯನ್ನು ಎಸೆಯುವ ಯೋಚನೆ ನನಗಿಲ್ಲ, ಸರಿಪಡಿಸಿ ಉಳಿಸಿಕೊಳ್ಳಬೇಕು.

ಸಸ್ಯಲೋಕ

ಮೊದಲು ಹೆಸರಿನ ಗೊಂದಲವನ್ನು ಬಿಡಿಸೋಣ, ಏಕೆಂದರೆ ಕನ್ನಡದಲ್ಲಿ ‘ದೇವದಾರು’ ಎಂಬ ಹೆಸರನ್ನು ಒಂದಕ್ಕಿಂತ ಹೆಚ್ಚು ಮರಗಳು ಹೊತ್ತುಕೊಂಡಿವೆ. ನಮ್ಮ ಒಣ ಕುರುಚಲು ಕಾಡುಗಳಲ್ಲಿ ಬೆಳೆಯುವ, ಅಡವಿ ಗೋರಂಟೆ ಎಂದೂ ಕರೆಯಲಾಗುವ ಎರಿಥ್ರಾಕ್ಸಿಲಮ್ ಮೊನೊಗೈನಮ್ ಎಂಬ ಸಣ್ಣ ಮರಕ್ಕೂ ದೇವದಾರು ಎಂಬ ಹೆಸರುಂಟು. ಬಂಗಾಳಿಯವರು ರಸ್ತೆ ಬದಿಯ ಉದ್ದನೆಯ ಅಶೋಕವನ್ನೇ ‘ದೇಬ್‌ದಾರು’ ಎನ್ನುತ್ತಾರೆ. ಇದು ಸಾಲದೆಂಬಂತೆ ಸಾಮಾನು ಕಟ್ಟಿ ಬರುವ ಪ್ಯಾಕಿಂಗ್ ಪೆಟ್ಟಿಗೆಗಳ ಬಿಳಿಚಿದ ಪೈನ್ ಹಲಗೆಯನ್ನೂ ದೇವದಾರು ಎಂದು ಕರೆಯುವ ರೂಢಿ ಬಂದಿದೆ. ಇವುಗಳಲ್ಲಿ ಯಾವುದೂ ನಿಜವಾದ ದೇವದಾರಲ್ಲ.

ನಿಜವಾದ ದೇವದಾರು ಸೀಡ್ರಸ್ ಡಿಯೊಡಾರ. ಪೈನ್ ಕುಟುಂಬಕ್ಕೇ ಸೇರಿದ್ದು, ಆದರೆ ಪೈನ್ ಅಲ್ಲ. ಪೂರ್ವ ಅಫ್ಘಾನಿಸ್ತಾನದಿಂದ ಉತ್ತರ ಪಾಕಿಸ್ತಾನ, ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳ ಮೂಲಕ ಪಶ್ಚಿಮ ನೇಪಾಳದವರೆಗೆ, ಸುಮಾರು 1,500ರಿಂದ 3,200 ಮೀಟರ್ ಎತ್ತರದ ಇಳಿಜಾರುಗಳೇ ಅದರ ತವರು. ಸಾಮಾನ್ಯವಾಗಿ 40ರಿಂದ 50 ಮೀಟರ್ ಬೆಳೆಯುತ್ತದೆ, ಅಪರೂಪಕ್ಕೆ 60 ಮೀಟರ್ ಮುಟ್ಟುತ್ತದೆ. ಹಳೆಯ ಮರದ ಕಾಂಡದ ಅಡ್ಡಳತೆ 3 ಮೀಟರಿನಷ್ಟಾಗುವುದೂ ಉಂಟು. ಹಿಮಾಚಲದ ರಾಜ್ಯವೃಕ್ಷವೂ ಪಾಕಿಸ್ತಾನದ ರಾಷ್ಟ್ರವೃಕ್ಷವೂ ಇದೇ. ಲೆಬನಾನಿನ ಸೀಡರ್, ಉತ್ತರ ಆಫ್ರಿಕದ ಅಟ್ಲಾಸ್ ಸೀಡರ್, ಸೈಪ್ರಸ್ ದ್ವೀಪದ ಸೀಡರ್ ಇವು ಇದರ ಒಡಹುಟ್ಟುಗಳು. ನಮ್ಮದನ್ನು ದೂರದಿಂದಲೇ ಗುರುತಿಸುವುದು ತುದಿಯಿಂದ: ಎಳೆಯ ಮರದ ನೆತ್ತಿಯ ಚಿಗುರು ನೆಟ್ಟಗೆ ನಿಲ್ಲದೆ ತಲೆಬಾಗಿರುತ್ತದೆ.

ಹತ್ತಿರದಿಂದ ನೋಡುವವರಿಗೆ ಎಲೆಯೇ ಸಾಕು. ಚೀಡ್ ಪೈನಿನಲ್ಲಿ ಸೂಜಿಗಳು ಮೂರು ಮೂರಾಗಿ, ಕೈಲ್ ಪೈನಿನಲ್ಲಿ ಐದೈದಾಗಿ ಕಟ್ಟಿಕೊಂಡಿರುತ್ತವೆ. ಸ್ಪ್ರೂಸ್ ಮತ್ತು ಫರ್‌ಗಳಲ್ಲಿ ಒಂಟಿಯಾಗಿರುತ್ತವೆ. ದೇವದಾರಿನಲ್ಲಿ ಮಾತ್ರ ಮೋಟು ರೆಂಬೆಗಳ ತುದಿಯಲ್ಲಿ ಇಪ್ಪತ್ತು ಮೂವತ್ತು ಸೂಜಿಗಳು ಕುಚ್ಚಿನಂತೆ ಅರಳಿರುತ್ತವೆ, ಒಂದೊಂದೂ ಎರಡೂವರೆಯಿಂದ ಐದು ಸೆಂಟಿಮೀಟರ್ ಉದ್ದ. ಕಾಯಿ ಪೀಪಾಯಿಯ ಆಕಾರದ್ದು, ಕೊಂಬೆಯ ಮೇಲೆ ಮೇಲ್ಮುಖವಾಗಿ ಕುಳಿತಿರುತ್ತದೆ. ಅದು ಪೈನ್ ಕಾಯಿಯಂತೆ ಇಡಿಯಾಗಿ ಕೆಳಗೆ ಬೀಳುವುದಿಲ್ಲ. ಸುಮಾರು ಒಂದು ವರ್ಷದಲ್ಲಿ ಬಲಿತ ಮೇಲೆ ಮರದ ಮೇಲೆಯೇ ಪದರಪದರವಾಗಿ ಬಿಚ್ಚಿಕೊಂಡು ರೆಕ್ಕೆಯುಳ್ಳ ಬೀಜಗಳನ್ನು ಗಾಳಿಗೆ ಬಿಡುತ್ತದೆ. ಕೊನೆಗೆ ತುದಿಯ ಭಾಗ ಮಾತ್ರ ಉದುರಿ ನೆಲದ ಮೇಲೆ ಬಿದ್ದಿರುತ್ತದೆ. ಅದನ್ನು ಅಂಗೈಯಲ್ಲಿಟ್ಟು ನೋಡಿದರೆ ಮರದಲ್ಲಿ ಕೆತ್ತಿದ ಗುಲಾಬಿಯೇ ಸರಿ.

ಉಳಿ ಮತ್ತು ಗರಗಸ

ಹಳೆಪೆಟ್ಟಿಗೆಯವರೇ, ನಿಮ್ಮ ತಾತ ಹೇಳಿದ್ದು ಸುಳ್ಳಲ್ಲ, ಆದರೆ ಆ ಮಾತು ಮರದ ಒಂದು ಭಾಗಕ್ಕಷ್ಟೇ ಸಲ್ಲುತ್ತದೆ. ನಾನು ವೃತ್ತಿಯಿಂದ ಬಡಗಿ. ಕುಲ್ಲು ಕಣಿವೆಯಲ್ಲಿ ಹಳೆಯ ಮನೆಗಳ ದುರಸ್ತಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಕಲಿತದ್ದನ್ನೇ ಬರೆಯುತ್ತಿದ್ದೇನೆ.

ಯಾವುದೇ ದೇವದಾರಿನ ದಿಮ್ಮಿಯನ್ನು ಅಡ್ಡಲಾಗಿ ಕೊಯ್ದರೆ ಎರಡು ಬಣ್ಣ ಕಾಣುತ್ತದೆ. ಹೊರಗಿನ ಸುತ್ತು ಬಿಳುಪು, ಒಳಗಿನ ಚೇಗು ಹಳದಿ ಬೆರೆತ ಕಂದು. ಪರಿಮಳವನ್ನು ಕೊಡುವ, ಹುಳವನ್ನೂ ಶಿಲೀಂಧ್ರವನ್ನೂ ದೂರವಿಡುವ ಎಣ್ಣೆ ಸೇರಿಕೊಂಡಿರುವುದು ಚೇಗಿನಲ್ಲಿ. ಹೊರಗಿನ ಬಿಳಿಮರ ಬದುಕಿದ್ದಾಗ ನೀರು ಸಾಗಿಸುವ ಕೆಲಸ ಮಾಡುತ್ತದೆ. ಕಡಿದ ಮೇಲೆ ಅದಕ್ಕೆ ಯಾವ ರಕ್ಷಣೆಯೂ ಇಲ್ಲ, ಬೇರೆ ಮೆದುಮರಗಳಂತೆಯೇ ಹುಳಕ್ಕೆ ತುತ್ತಾಗುತ್ತದೆ. ಹಳೆಯ ಮೇಸ್ತ್ರಿಗಳು ತೊಲೆ ಕೆತ್ತುವಾಗ ಈ ಬಿಳಿಯನ್ನು ಪೂರ್ತಿ ಕೆತ್ತಿ ಎಸೆಯುತ್ತಿದ್ದರು. ಪೆಟ್ಟಿಗೆ ಮಾಡುವವರು ಕಣ್ಣಿಗೆ ಬೀಳದ ಅಡಿಹಲಗೆಗೆ ಬಿಳಿ ಅಂಚಿರುವ ಹಲಗೆಯನ್ನೇ ಬಳಸಿಬಿಡುವುದುಂಟು. ನಿಮ್ಮ ಪೆಟ್ಟಿಗೆಯಲ್ಲಿ ಆಗಿರುವುದು ಬಹುಶಃ ಇದೇ.

ಪರೀಕ್ಷಿಸುವ ಕ್ರಮ ಸುಲಭ. ಕಾಣದ ಕಡೆ ತೋಪಡದಿಂದ ಎರಡು ಸಲ ಸಣ್ಣಗೆ ಎಳೆದು ಹೊಸ ಮುಖವನ್ನು ತೆರೆಯಿರಿ. ದೇವದಾರಾದರೆ ಆ ಕ್ಷಣದಲ್ಲೇ ಪರಿಮಳ ಮೂಗಿಗೆ ಬಡಿಯುತ್ತದೆ, ಸಿಪ್ಪೆಯನ್ನು ಬೆರಳುಗಳ ನಡುವೆ ಹೊಸಕಿದರೆ ತುಸು ಜಿಡ್ಡು ತಾಗುತ್ತದೆ. ಪೈನಿನ ವಾಸನೆ ಟರ್ಪಂಟೈನಿನದು, ಅದು ಬೇರೆಯೇ.

ಕೆಲಸಗಾರನ ಕಣ್ಣಿನಿಂದ ಹೇಳುವುದಾದರೆ ಇದು ಒಳ್ಳೆಯ ಮರವೇ ಹೊರತು ದೋಷವೇ ಇಲ್ಲದ ಮರವಲ್ಲ. ತೂಕ ಘನ ಮೀಟರಿಗೆ ಸುಮಾರು 560 ಕಿಲೋ, ತೇಗಕ್ಕಿಂತ ಹಗುರ. ಎಳೆ ನೇರವಾಗಿರುವುದರಿಂದ ಕೊಯ್ಯಲು, ತೋಪಡ ಹಿಡಿಯಲು ಹಿತವಾಗಿದೆ, ಒಣಗುವಾಗ ಹೆಚ್ಚು ಸೊಟ್ಟಗಾಗುವುದಿಲ್ಲ. ಆದರೆ ಬಾಗುವ ಗುಣ ಕಡಿಮೆ. ತೆಳುವಾದ ಪಟ್ಟಿ ಏಟಿಗೆ ಥಟ್ಟನೆ ಸೀಳುತ್ತದೆ, ಆದ್ದರಿಂದ ಮೊಳೆ ಹೊಡೆಯುವ ಮೊದಲು ತೂತು ಕೊರೆದುಕೊಳ್ಳಬೇಕು. ದೊಡ್ಡ ತೊಂದರೆ ಎಣ್ಣೆಯದೇ. ಗಂಟುಗಳಿರುವ ಕಡೆ ಎಣ್ಣೆ ಹೊರಗೆ ಒಸರಿ ವಾರ್ನಿಶ್ ಒಣಗಲು ಬಿಡುವುದಿಲ್ಲ, ಬಣ್ಣ ಹಚ್ಚಿದರೂ ಕಲೆ ಮೇಲೇಳುತ್ತದೆ. ಪೆಟ್ಟಿಗೆಯ ಒಳಮೈಗೆ ಏನನ್ನೂ ಹಚ್ಚಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ವಾರ್ನಿಶ್ ಬಳಿದರೆ ಪರಿಮಳವೂ ಹೋಯಿತು, ಅದರ ಕಾವಲೂ ಹೋಯಿತು. ಪರಿಮಳ ಮಂದವಾದಾಗ ನಯವಾದ ಉಪ್ಪುಕಾಗದದಿಂದ ಒಳಮೈಯನ್ನು ಮೆಲ್ಲಗೆ ಉಜ್ಜಿದರೆ ಸಾಕು, ಹೊಸ ಮುಖ ತೆರೆದುಕೊಂಡು ವಾಸನೆ ಮರಳುತ್ತದೆ.

ಹಳೆಪೆಟ್ಟಿಗೆ

ಬಡಗಿ ಬಂಧುಗಳೇ, ಸಸ್ಯಲೋಕದವರೇ, ಇಷ್ಟು ವಿವರವಾಗಿ ಬರೆದುದಕ್ಕೆ ಕೃತಜ್ಞ. ವಾರದ ಕೊನೆಯಲ್ಲಿ ಪರೀಕ್ಷಿಸಿ ತಿಳಿಸುತ್ತೇನೆ. ಅಷ್ಟರಲ್ಲಿ ಇನ್ನೊಂದು ಸಂಶಯ. ಪರಿಮಳ ಮಂದವಾದ ಕಡೆ ಹಚ್ಚಲೆಂದು ‘ಸೀಡರ್‌ವುಡ್ ಎಣ್ಣೆ’ ಎಂಬ ಚೀಟಿಯಿದ್ದ ಸೀಸೆಯೊಂದನ್ನು ತರಿಸಿಕೊಂಡಿದ್ದೆ. ದೇವದಾರಿನದೇ ಎಂದು ಮಾರಿದವರು ಭರವಸೆ ಕೊಟ್ಟಿದ್ದರು. ಆದರೆ ಅದರ ವಾಸನೆ ಪೆಟ್ಟಿಗೆಯ ವಾಸನೆಗೆ ಹೋಲುವುದೇ ಇಲ್ಲ. ಹೊಸದಾಗಿ ಚೂಪು ಮಾಡಿದ ಪೆನ್ಸಿಲಿನ ವಾಸನೆಯಂತಿದೆ. ಮೋಸ ಹೋದೆನೇ?

ಪರಿಮಳ ದ್ರವ್ಯ

ನಿಮ್ಮ ಮೂಗು ಸರಿಯಾಗಿಯೇ ಹೇಳಿದೆ. ವ್ಯಾಪಾರದಲ್ಲಿ ‘ಸೀಡರ್‌ವುಡ್ ಎಣ್ಣೆ’ ಎಂಬ ಒಂದೇ ಹೆಸರಿನಡಿ ಸಂಬಂಧವೇ ಇಲ್ಲದ ಮರಗಳ ಎಣ್ಣೆಗಳು ಸಿಗುತ್ತವೆ. ವರ್ಜೀನಿಯಾ ಮತ್ತು ಟೆಕ್ಸಸ್ ಸೀಡರ್ ಎಂದು ಹೇಳಲಾಗುವ ಅಮೆರಿಕದ ಮರಗಳು ವಾಸ್ತವವಾಗಿ ಜೂನಿಪರ್ ಎಂಬ ಬೇರೆಯೇ ಗುಂಪಿನ ಮರಗಳು. ಹಿಂದೆ ಪೆನ್ಸಿಲಿಗೆ ಬಳಸುತ್ತಿದ್ದುದು ಆ ವರ್ಜೀನಿಯಾ ಜೂನಿಪರ್ ಮರವನ್ನೇ, ಆದ್ದರಿಂದಲೇ ಆ ವಾಸನೆ ನಿಮಗೆ ಪೆನ್ಸಿಲನ್ನು ನೆನಪಿಸಿತು. ಅವುಗಳ ಎಣ್ಣೆಯಲ್ಲಿ ಸೆಡ್ರಾಲ್, ಸೆಡ್ರೀನ್, ಥೂಜಾಪ್ಸೀನ್ ಇರುತ್ತವೆ. ದೇವದಾರಿನ ಎಣ್ಣೆಯ ಮುಖ್ಯ ಘಟಕಗಳು ಬೇರೆ: ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಬಗೆಯ ಹಿಮಚಲೀನ್‌ಗಳು ಮತ್ತು ಅಟ್ಲಾಂಟೋನ್‌ಗಳು. ಹಿಮಾಚಲದ ಹೆಸರನ್ನು ರಸಾಯನಶಾಸ್ತ್ರದೊಳಕ್ಕೆ ಕೊಂಡೊಯ್ದ ಮರ ಇದು ಎಂಬುದು ನನಗೆ ಎಂದಿಗೂ ಪ್ರಿಯವಾದ ಸಂಗತಿ. ಅಟ್ಲಾಸ್ ಸೀಡರಿನ ಎಣ್ಣೆಯಲ್ಲೂ ಇವೇ ಇರುವುದರಿಂದ ಅವೆರಡನ್ನು ಬೇರ್ಪಡಿಸುವುದು ತುಸು ಕಷ್ಟ, ಆದರೆ ಜೂನಿಪರಿನಿಂದ ಬೇರ್ಪಡಿಸುವುದು ಸುಲಭ. ಕೊಳ್ಳುವಾಗ ಚೀಟಿಯ ಮೇಲೆ ಸಸ್ಯಶಾಸ್ತ್ರೀಯ ಹೆಸರಿದೆಯೇ ಎಂದು ನೋಡಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಎಣ್ಣೆ ತೆಗೆಯುವ ಕ್ರಮವೂ ಎರಡು ಬಗೆ, ಫಲವೂ ಎರಡು ಬಗೆ. ಚೇಗಿನ ಚಕ್ಕೆಗೆ, ಬೇರುಬುಡಕ್ಕೆ ಹಬೆ ಹಾಯಿಸಿ ಬಟ್ಟಿ ಇಳಿಸಿದರೆ ತಿಳಿಹಳದಿಯ ಸುಗಂಧ ತೈಲ ಬರುತ್ತದೆ. ಅದು ಸಾಬೂನಿಗೆ, ಅತ್ತರಿಗೆ, ಸೊಳ್ಳೆ ಓಡಿಸುವ ಮುಲಾಮುಗಳಿಗೆ ಹೋಗುತ್ತದೆ. ಬೆಟ್ಟದ ಹಳ್ಳಿಗಳ ಹಳೆಯ ಕ್ರಮದಲ್ಲಿ ಚಕ್ಕೆಗಳನ್ನು ಮುಚ್ಚಿದ ಮಡಕೆಯಲ್ಲಿಟ್ಟು ಹೊರಗಿನಿಂದ ಬೆಂಕಿ ಕೊಡುತ್ತಾರೆ. ಗಾಳಿಯಾಡದೆ ಬೆಂದ ಮರದಿಂದ ಕಪ್ಪಾದ, ಕಟುವಾಸನೆಯ ಡಾಂಬರಿನಂಥ ಎಣ್ಣೆ ಇಳಿಯುತ್ತದೆ. ಹಿಮಾಚಲದಲ್ಲಿ ದೇವದಾರಿಗೆ ಕೇಲೋನ್ ಎಂಬ ಹೆಸರಿದೆ, ಆದ್ದರಿಂದ ಈ ಎಣ್ಣೆ ‘ಕೇಲೋನ್ ಕಾ ತೇಲ್’. ದನ, ಕುರಿ, ಒಂಟೆಗಳ ಕಜ್ಜಿಗೆ, ಹುಣ್ಣಿಗೆ ಹಚ್ಚುತ್ತಿದ್ದರು. ನದಿ ದಾಟಲು ಗಾಳಿ ತುಂಬಿ ಬಳಸುತ್ತಿದ್ದ ತೊಗಲಿನ ಚೀಲಗಳಿಗೂ ಬಳಿಯುತ್ತಿದ್ದರು.

ಚರಕಪಥ

ಔಷಧದ ಮಾತು ಬಂದುದರಿಂದ ಎರಡು ವಾಕ್ಯ. ಆಯುರ್ವೇದದಲ್ಲಿ ಬಳಸುವುದು ಚೇಗನ್ನೇ. ಸುರದಾರು, ಭದ್ರದಾರು ಎಂಬವು ಅದರ ಪರ್ಯಾಯ ಹೆಸರುಗಳು, ವಾತ ಮತ್ತು ಕಫವನ್ನು ಶಮನಗೊಳಿಸುವ ದ್ರವ್ಯವೆಂದು ಅದನ್ನು ಎಣಿಸಲಾಗಿದೆ, ಬಾಣಂತಿಯರಿಗೆ ಕೊಡುವ ದೇವದಾರ್ವ್ಯಾದಿ ಕಷಾಯದ ಮೊದಲ ದ್ರವ್ಯ ಇದೇ. ಸಸ್ಯಲೋಕದವರು ಹೇಳಿದ ಹೆಸರಿನ ಗೊಂದಲ ಇಲ್ಲಿ ಬಹಳ ಅಪಾಯಕಾರಿ, ಏಕೆಂದರೆ ಒಂದರ ಬದಲು ಇನ್ನೊಂದರ ಚಕ್ಕೆ ಬಂದರೆ ಕಷಾಯವೇ ಬೇರೆಯಾಗುತ್ತದೆ. ಸೀಸೆಯಲ್ಲಿ ಬರುವ ಸುಗಂಧ ತೈಲವನ್ನಂತೂ ಯಾರೂ ಹೊಟ್ಟೆಗೆ ತೆಗೆದುಕೊಳ್ಳಬಾರದು.

ಬೆಟ್ಟದ ದಾರಿ

ದೇವದಾರಿನ ನಿಜವಾದ ದೊಡ್ಡತನ ಪೆಟ್ಟಿಗೆಯಲ್ಲೂ ಸೀಸೆಯಲ್ಲೂ ಇಲ್ಲ, ಕಟ್ಟಡದಲ್ಲಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮನಾಲಿಯ ಹಿಡಿಂಬಾ ದೇವಿಯ ಗುಡಿ 1553ರಲ್ಲಿ ಕಟ್ಟಿದ್ದು. ದೇವದಾರಿನ ಕಾಡಿನ ನಡುವೆ ದೇವದಾರಿನಿಂದಲೇ ಎದ್ದು ನಿಂತ ಆ ಗುಡಿಯ ಬಾಗಿಲುವಾಡದ ಕೆತ್ತನೆಯನ್ನು ನೋಡಿದವರು ಮರೆಯಲಾರರು. ಶ್ರೀನಗರದ ಜಾಮಿಯಾ ಮಸೀದಿಯ ಒಳಗೆ 300ಕ್ಕೂ ಹೆಚ್ಚು ದೇವದಾರಿನ ಕಂಬಗಳು ಸಾಲಾಗಿ ನಿಂತಿವೆ, ಒಂದೊಂದೂ ಒಂದೊಂದು ಮರದ ಕಾಂಡ. ಝೇಲಂ ನದಿಯ ಹಳೆಯ ಸೇತುವೆಗಳ ಕಂಬಗಳನ್ನು ದೇವದಾರಿನ ದಿಮ್ಮಿಗಳನ್ನು ಅಡ್ಡಡ್ಡ ಉದ್ದುದ್ದ ಪೇರಿಸಿ, ನಡುವೆ ಕಲ್ಲು ತುಂಬಿ ಕಟ್ಟುತ್ತಿದ್ದರು. ದಾಲ್ ಸರೋವರದ ದೋಣಿಮನೆಗಳ ತಳವೂ ಇದೇ ಮರದ್ದು, ಏಕೆಂದರೆ ವರ್ಷಗಟ್ಟಲೆ ನೀರಿನಲ್ಲಿದ್ದರೂ ಚೇಗು ಬೇಗ ಕೊಳೆಯುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಿಮಾಚಲದ ಕಾಠ್‌ಕುಣಿ ಗೋಡೆ. ಕಾಠ್ ಎಂದರೆ ಮರ, ಕುಣಿ ಎಂದರೆ ಮೂಲೆ. ಗೋಡೆಯ ಎರಡು ಮುಖಗಳಿಗೂ ಒಂದೊಂದು ದೇವದಾರಿನ ತೊಲೆ ಮಲಗಿಸುತ್ತಾರೆ, ಅವೆರಡನ್ನೂ ಸಣ್ಣ ಅಡ್ಡಪಟ್ಟಿಗಳಿಂದ ಕಚ್ಚುಹಾಕಿ ಬಿಗಿಯುತ್ತಾರೆ, ನಡುವಿನ ತೆರಪಿಗೆ ಕಲ್ಲು ತುಂಬುತ್ತಾರೆ. ಅದರ ಮೇಲೆ ಒಂದು ವರಸೆ ಕಲ್ಲು, ಮತ್ತೆ ತೊಲೆ, ಮತ್ತೆ ಕಲ್ಲು. ಮೂಲೆಯಲ್ಲಿ ಎರಡು ಗೋಡೆಗಳ ತೊಲೆಗಳು ಬೆರಳು ಹೆಣೆದಂತೆ ಒಂದರ ಮೇಲೊಂದು ಕೂರುತ್ತವೆ. ಗಾರೆಯ ಒಂದು ಹನಿಯೂ ಬೇಕಿಲ್ಲ. ನೆಲ ನಡುಗಿದಾಗ ಕಲ್ಲುಗಳು ತುಸು ಸರಿದಾಡಿ ಅದುರಿನ ಶಕ್ತಿಯನ್ನು ನುಂಗುತ್ತವೆ, ತೊಲೆಗಳು ಗೋಡೆ ಬಿಚ್ಚಿಹೋಗದಂತೆ ಹಿಡಿದಿಡುತ್ತವೆ. 1905ರ ಏಪ್ರಿಲ್ 4ರ ಕಾಂಗ್ಡಾ ಭೂಕಂಪದಲ್ಲಿ 20,000ಕ್ಕೂ ಹೆಚ್ಚು ಜನ ಸತ್ತರು. ಆದರೆ ಕುಲ್ಲು ಕಣಿವೆಯ ನಗ್ಗರ್ ಕೋಟೆಮನೆ ಇದೇ ಬಗೆಯ ಗೋಡೆಗಳೊಂದಿಗೆ ಉಳಿದುಕೊಂಡಿತು, ಇಂದಿಗೂ ನಿಂತಿದೆ. ಅದರ ಮೂಲೆಯೊಂದಕ್ಕೆ ಅಂಗೈ ಒತ್ತಿ ನಿಂತಾಗ ಬಿಸಿಲಿಗೆ ಕಾದ ತೊಲೆ ಬೆಚ್ಚಗಿತ್ತು, ಅದರ ಮೇಲಿನ ಕಲ್ಲು ತಣ್ಣಗಿತ್ತು.

ಉಳಿ ಮತ್ತು ಗರಗಸ

ಬೆಟ್ಟದ ದಾರಿಯವರು ಹೇಳಿದ್ದು ಅಕ್ಷರಶಃ ನಿಜ. ದುರಸ್ತಿಗೆಂದು ಬಿಚ್ಚಿದ ಮನೆಯೊಂದರ ತೊಲೆಯನ್ನು ನಾನೇ ಕೊಯ್ದಿದ್ದೇನೆ. ಹೊರಮೈ ಮಳೆ ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿ ಗೀರುಬಿದ್ದಿತ್ತು. ಗರಗಸ ಅರ್ಧ ಅಂಗುಲ ಒಳಹೋಗುತ್ತಲೇ ಜೇನಿನ ಬಣ್ಣದ ಪುಡಿ ಉದುರಿ ಕೆಲಸದ ಜಾಗವೆಲ್ಲ ಘಮ್ಮೆಂದಿತು. ಆ ತೊಲೆಯನ್ನು ಹಾಗೆಯೇ ಇನ್ನೊಂದು ಗೋಡೆಗೆ ಹಾಕಿದೆವು.

ಕಾಡಿನ ಲೆಕ್ಕ

ಚರ್ಚೆ ಸೊಗಸಾಗಿ ಸಾಗಿದೆ. ಆದರೆ ಈ ಗುಣಗಳೇ ದೇವದಾರಿಗೆ ಒಮ್ಮೆ ಮುಳುವಾದವು ಎಂಬುದನ್ನೂ ಇಲ್ಲಿ ದಾಖಲಿಸಬೇಕು. 19ನೆಯ ಶತಮಾನದ ನಡುವಿನಲ್ಲಿ ಭಾರತದಲ್ಲಿ ರೈಲುಹಳಿ ಹಾಸಲು ಹೊರಟಾಗ ಯಾವ ರಾಸಾಯನಿಕವನ್ನೂ ಊಡಿಸದೆ ಸ್ಲೀಪರಿಗೆ, ಎಂದರೆ ಹಳಿಗಳ ಕೆಳಗೆ ಅಡ್ಡಲಾಗಿ ಹಾಸುವ ಮರದ ತುಂಡುಗಳಿಗೆ, ಒದಗುವ ಮರಗಳೆಂದು ಮುಖ್ಯವಾಗಿ ಕಂಡವು ಮೂರೇ: ತೇಗ, ಸಾಲ, ದೇವದಾರು. ಒಂದು ಮೈಲಿ ಹಳಿಗೆ 1,760ರಿಂದ 2,000 ಸ್ಲೀಪರ್ ಬೇಕು. ಹಿಮಾಲಯದ ಕಣಿವೆಗಳಲ್ಲಿ ಮರಗಳನ್ನು ಉರುಳಿಸಿ, ಕಾಡಿನಲ್ಲೇ ಸ್ಲೀಪರಿನ ಅಳತೆಗೆ ಕೊಯ್ದು, ಚೆನಾಬ್, ರಾವಿ, ಯಮುನೆ, ಟೋನ್ಸ್, ಭಾಗೀರಥಿಗಳ ನೀರಿನಲ್ಲಿ ತೇಲಿಬಿಟ್ಟು ಬಯಲಿಗೆ ಇಳಿಸಿದರು. ಹರ್ಸಿಲ್‌ನಲ್ಲಿ ನೆಲೆನಿಂತ ಫ್ರೆಡರಿಕ್ ವಿಲ್ಸನ್ ಎಂಬ ಇಂಗ್ಲಿಷಿನವನು ಭಾಗೀರಥಿಯ ಈ ವ್ಯಾಪಾರದಿಂದಲೇ ದೊಡ್ಡ ಶ್ರೀಮಂತನಾದ. ಮರ ಹೀಗೇ ಮುಗಿದುಹೋದರೆ ಮುಂದಿನ ಹಳಿಗೆ ಗತಿಯೇನು ಎಂಬ ಭಯವೇ 1864ರಲ್ಲಿ ಡೀಟ್ರಿಕ್ ಬ್ರಾಂಡಿಸ್ ನೇತೃತ್ವದಲ್ಲಿ ಅರಣ್ಯ ಇಲಾಖೆ ಹುಟ್ಟಲು ಒಂದು ಮುಖ್ಯ ಕಾರಣ. ಆ ಇಲಾಖೆ ಕಾಡನ್ನು ಕಾದದ್ದೂ ಹೌದು, ಆ ಕಾಡಿನ ಮೇಲೆ ಹಳ್ಳಿಗರಿಗಿದ್ದ ಹಕ್ಕನ್ನು ಕಿತ್ತುಕೊಂಡದ್ದೂ ಹೌದು.

ಕಡಿದದ್ದು ಬೇಗ ಮರಳುವುದಿಲ್ಲ. ದೇವದಾರು ಪ್ರತಿವರ್ಷವೂ ಹೇರಳವಾಗಿ ಬೀಜ ಬಿಡುವುದಿಲ್ಲ. ಒಳ್ಳೆಯ ಫಸಲು ಕೆಲವು ವರ್ಷಗಳಿಗೊಮ್ಮೆ. ಬೀಜದಲ್ಲಿ ಎಣ್ಣೆಯಿರುವುದರಿಂದ ಅದು ಬಹುಕಾಲ ಮೊಳೆಯುವ ಶಕ್ತಿಯನ್ನು ಉಳಿಸಿಕೊಳ್ಳುವುದಿಲ್ಲ. ಸಸಿಗೆ ಎಳೆತನದಲ್ಲಿ ಅರೆನೆರಳು ಬೇಕು, ದಪ್ಪನೆಯ ತರಗಿನ ಮೇಲೆ ಬಿದ್ದರೆ ಬೇರು ಮಣ್ಣು ಮುಟ್ಟುವ ಮೊದಲೇ ಒಣಗುತ್ತದೆ, ಮೇಯುವ ಮಂದೆ ಬಂದರೆ ಅಲ್ಲಿಗೆ ಮುಗಿಯಿತು. ಅದರ ಎಲೆಗಳನ್ನೇ ತಿಂದು ಬದುಕುವ ಎಕ್ಟ್ರೋಪಿಸ್ ಡಿಯೊಡಾರೇ ಎಂಬ ಪತಂಗದ ಹುಳುಗಳು ಕೆಲವು ವರ್ಷ ಇಡೀ ಗುಡ್ಡಗಳನ್ನು ಬೋಳಿಸುತ್ತವೆ. ಇದೆಲ್ಲವನ್ನೂ ದಾಟಿದ ಮರ ದಪ್ಪನೆಯ ಚೇಗು ಕಟ್ಟುವ ವೇಳೆಗೆ ನೂರು ವರ್ಷ ಮೀರಿರುತ್ತದೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ 700 ವರ್ಷ ದಾಟಿದ ದೇವದಾರಿನ ಅಡ್ಡಸೀಳು ಇದೆ. ಅದರ ಉಂಗುರಗಳನ್ನು ಹೊರಗಿನಿಂದ ಒಳಕ್ಕೆ ಎಣಿಸುತ್ತ ಹೋದರೆ ಒಂದು ಬೆರಳಗಲದಲ್ಲಿ ಹತ್ತಾರು ವರ್ಷ ಅಡಗಿರುವುದು ಕಾಣುತ್ತದೆ. ಮಳೆ ಸಾಲದ ವರ್ಷದ ಉಂಗುರ ಕೂದಲೆಳೆಯಷ್ಟು ತೆಳು. ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆಯ ವಿಜ್ಞಾನಿಗಳು ಇಂಥ ಉಂಗುರಗಳಿಂದಲೇ ಹಿಮಾಲಯದ ಹಿಂದಿನ ಶತಮಾನಗಳ ಮಳೆ ಮತ್ತು ಉಷ್ಣತೆಯನ್ನು ಲೆಕ್ಕಹಾಕುತ್ತಾರೆ.

ಸಸ್ಯಲೋಕ

ಕಾಡಿನ ಲೆಕ್ಕದವರ ಮಾತಿಗೆ ಒಂದು ಸೇರ್ಪಡೆ ಮತ್ತು ಒಂದು ಭಿನ್ನಾಭಿಪ್ರಾಯ. ಇಂದಿನ ಉತ್ತರಾಖಂಡದ ಬೆಟ್ಟಗಳಲ್ಲಿ 1,000 ಮೀಟರಿಗಿಂತ ಮೇಲೆ ಹಸಿಮರ ಕಡಿಯುವುದನ್ನು ಚಿಪ್ಕೊ ಚಳವಳಿಯ ಬಳಿಕ 1981ರಲ್ಲಿ ನಿಷೇಧಿಸಲಾಯಿತು. ಜಾಗತಿಕ ಮಟ್ಟದಲ್ಲಿ ದೇವದಾರು ಅಳಿವಿನಂಚಿನ ಮರವಲ್ಲ. ಹಾಗಾಗಿ ಬಳಕೆಯೇ ಬೇಡವೆಂಬ ನಿಲುವು ನನಗೆ ಒಪ್ಪಿಗೆಯಿಲ್ಲ. ಹಿಮಾಚಲದ ಹಳ್ಳಿಗರಿಗೆ ಮನೆ ಕಟ್ಟಲು ಕಾಡಿನ ಮರ ಪಡೆಯುವ ಹಕ್ಕು ಹಿಂದಿನಿಂದಲೂ ಇದೆ. ಆ ಹಕ್ಕು ಪೂರ್ತಿ ಬತ್ತಿದರೆ ಕಾಠ್‌ಕುಣಿ ಕಟ್ಟುವ ಕೈಗಳೂ ಇಲ್ಲವಾಗುತ್ತವೆ, ಆ ಜಾಗಕ್ಕೆ ಸಿಮೆಂಟಿನ ಗೋಡೆ ಬರುತ್ತದೆ, ಈಗಾಗಲೇ ಬರುತ್ತಿದೆ. ಬಿರುಗಾಳಿಗೆ ಬಿದ್ದ, ನಿಂತಲ್ಲೇ ಒಣಗಿದ ಮರಗಳು ಮೊದಲು ಅಂಥ ಮನೆಗಳಿಗೆ, ಗುಡಿಗಳ ದುರಸ್ತಿಗೆ ಸಲ್ಲಬೇಕು.

ಕಾಡಿನ ಲೆಕ್ಕ

ನನ್ನದು ಬಳಕೆಯೇ ಬೇಡವೆಂಬ ವಾದವಲ್ಲ. ನೂರೈವತ್ತು ವರ್ಷ ಬೆಳೆದ ಮರವನ್ನು ಕನಿಷ್ಠ ಅಷ್ಟೇ ವರ್ಷ ಬಾಳುವ ಕೆಲಸಕ್ಕೆ ಬಳಸಬೇಕೆಂಬುದಷ್ಟೇ ನನ್ನ ಕೋರಿಕೆ. ರೈಲಿನ ಸ್ಲೀಪರ್ ಕೆಲವೇ ವರ್ಷಗಳಲ್ಲಿ ಬದಲಾಗಬೇಕಾಗಿತ್ತು. ನಗ್ಗರ್‌ನ ತೊಲೆ ಶತಮಾನಗಳಿಂದ ಹೊರೆ ಹೊತ್ತಿದೆ. ರಸ್ತೆ ಅಗಲಿಸಲೆಂದು ಕಡಿಯುವುದಂತೂ ನನಗೆ ಸಹಿಸಲಾಗದ ಮಾತು. ಉತ್ತರಾಖಂಡದ ಜಾಗೇಶ್ವರದಲ್ಲಿ, ದಾರುಕವನವೆಂದು ಜನ ಪೂಜಿಸುವ ಕಾಡಿನಲ್ಲಿ, 2024ರಲ್ಲಿ ಹೀಗೆ ಮರಗಳಿಗೆ ಗುರುತು ಹಾಕಿದಾಗ ಸ್ಥಳೀಯರೇ ಅಡ್ಡ ನಿಂತರು.

ಹಳೆಪೆಟ್ಟಿಗೆ

ಎಲ್ಲರ ಉತ್ತರಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ನಿನ್ನೆ ಪೆಟ್ಟಿಗೆಯನ್ನು ಬೋರಲು ಹಾಕಿ, ಉದುರುತ್ತಿದ್ದ ಹುಡಿಯನ್ನು ಕುಂಚದಿಂದ ಗುಡಿಸಿ, ಅಡಿಹಲಗೆಗೆ ತೋಪಡ ಹಿಡಿದೆ. ಬಡಗಿ ಬಂಧುಗಳು ಹೇಳಿದಂತೆಯೇ ಆಯಿತು. ಹಾಳಾಗಿರುವುದು ಗೋಡೆಯ ಕಡೆಯ ಅಂಚಿನಲ್ಲಿ ಎರಡು ಬೆರಳಗಲದ ಬಿಳಿಯ ಪಟ್ಟಿ ಮಾತ್ರ. ಹುಳದ ಸುರಂಗಗಳು ಆ ಪಟ್ಟಿಯಲ್ಲೆಲ್ಲ ಹರಿದಾಡಿ, ಕಂದು ಬಣ್ಣ ಶುರುವಾಗುವ ಗೆರೆಗೆ ಬಂದು ಅಲ್ಲೇ ಪಕ್ಕಕ್ಕೆ ಹೊರಳಿವೆ. ಒಂದಾದರೂ ಗೆರೆ ದಾಟಿಲ್ಲ. ಹೊಸದಾಗಿ ತೆರೆದ ಕಂದು ಮುಖದಿಂದ ಬಂದ ಪರಿಮಳ ಸಂಜೆಯವರೆಗೂ ಕೋಣೆಯಲ್ಲಿತ್ತು. ಬಿಳಿಯ ಪಟ್ಟಿಯನ್ನು ಪೂರ್ತಿ ಕೊಯ್ದು ತೆಗೆದು ಆ ಜಾಗಕ್ಕೆ ಬೇರೆ ಹಲಗೆ ಕೂರಿಸಬೇಕು. ತೂತು ಕೊರೆದುಕೊಂಡೇ ಮೊಳೆ ಹೊಡೆಯುತ್ತೇನೆ, ಒಳಮೈಗೆ ಏನನ್ನೂ ಹಚ್ಚುವುದಿಲ್ಲ. ಪೆನ್ಸಿಲ್ ವಾಸನೆಯ ಸೀಸೆಯನ್ನು ಮತ್ತೆ ಮುಚ್ಚಳ ತೆಗೆಯದೆ ಬದಿಗಿಟ್ಟಿದ್ದೇನೆ.